ಹೆಸರು ಹಾಕುವುದು ಯಾರ ಕೆಲಸ?

ರೀಲ್ಸ್ ಮಾಡಿ ತನ್ನನ್ನು ತಾನು ಪ್ರಚಾರ ಮಾಡಿಕೊಳ್ಳದ ಗೀತರಚನೆಕಾರ ಮೂಲೆಗುಂಪಾದರೆ ಅದು ಅವನದೇ ತಪ್ಪು ಎಂಬ ವಾದವನ್ನು ಕಳೆದ ಸಂಚಿಕೆಯ ಲೇಖನವೊಂದರಲ್ಲಿ ಓದಿದೆ. ಪ್ರಚಾರ ಬೇಡವೆಂದು ನಾನೂ ಹೇಳುವುದಿಲ್ಲ. ಆದರೆ ಇದು ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು.

ಯೂಟ್ಯೂಬ್‌ನಲ್ಲಿ ಹೊಸ ಚಿತ್ರಗೀತೆಗಳನ್ನು ತೆರೆದು ನೋಡಿ. ಶೀರ್ಷಿಕೆಯಲ್ಲಿ ನಾಯಕ, ನಾಯಕಿ, ನಿರ್ದೇಶಕ, ಸಂಗೀತ ನಿರ್ದೇಶಕ, ಆಡಿಯೊ ಕಂಪನಿ ಸಾಲಾಗಿ ನಿಂತಿರುತ್ತಾರೆ. ಬರೆದವರ ಹೆಸರು ಬೇಕಾದರೆ ಎಷ್ಟೋ ಸಲ ಕೆಳಗಿನ ವಿವರಣೆಯನ್ನು ಬಿಡಿಸಿ ಹುಡುಕಬೇಕು. ಹಿಂದೆ ಆಕಾಶವಾಣಿಯಲ್ಲಿ ಗೀತರಚನೆಕಾರ ಚಿ. ಉದಯಶಂಕರ್ ಹೆಸರು ಮನೆಮನೆಗೂ ಕೇಳಿಸಿದ್ದು ಹಾಡು ಬರೆದವರ ಹೆಸರನ್ನೂ ಹೇಳುವ ಉದ್ಘೋಷಕರ ರೂಢಿಯಿಂದ. ಅದರಲ್ಲಿ ಕವಿಯ ವ್ಯಾಪಾರ ಜಾಣತನವೇನಿರಲಿಲ್ಲ.

2020ರಲ್ಲಿ ಸ್ವಾನಂದ್ ಕಿರ್ಕಿರೆ, ವರುಣ್ ಗ್ರೋವರ್, ಕೌಸರ್ ಮುನೀರ್ ಮೊದಲಾದ ಗೀತರಚನೆಕಾರರು 'ಕ್ರೆಡಿಟ್ ದೇ ದೋ ಯಾರ್' ಎಂದು ಹಾಡು ಕಟ್ಟಿಯೇ ಕೇಳಬೇಕಾಯಿತು. ಹಿಂದಿಯ ಹೆಸರುವಾಸಿಗಳಿಗೇ ಆ ಗತಿ. ನಮ್ಮ ಹೊಸಬರು ರೀಲ್ಸ್‌ನಿಂದ ಏನು ಗಿಟ್ಟಿಸಿಯಾರು?

ಇನ್ನು ದುಡ್ಡಿನ ಮಾತು. 2012ರ ಕಾಪಿರೈಟ್ ತಿದ್ದುಪಡಿಯ ಪ್ರಕಾರ, ಚಿತ್ರಮಂದಿರದಲ್ಲಿ ಸಿನಿಮಾದ ಜೊತೆ ಕೇಳಿಸುವುದನ್ನು ಬಿಟ್ಟು ಬೇರೆ ಬಳಕೆಗೆ ಸಿಗುವ ರಾಯಧನದ ಪಾಲನ್ನು ಗೀತರಚನೆಕಾರ ನಿರ್ಮಾಪಕನಿಗೆ ಬಿಟ್ಟುಕೊಡುವಂತಿಲ್ಲ. ಹಾಗೆ ಬರೆಸಿಕೊಂಡರೂ ಅದು ಊರ್ಜಿತವಲ್ಲ. ಆ ಹಣ ಸಂಗ್ರಹಿಸಿ ಹಂಚಲು ಐಪಿಆರ್‌ಎಸ್ ಎಂಬ ಕಾಪಿರೈಟ್ ಸೊಸೈಟಿ ಇದೆ. ಫಾಲೋವರ್‌ಗಳನ್ನು ಹೆಚ್ಚಿಸಿಕೊಳ್ಳುವ ಉಪಾಯಗಳಿಗೆ ಪುಟವಿಡೀ ಕೊಟ್ಟ ಆ ಲೇಖಕರು ಇದರ ಬಗ್ಗೆ ಒಂದಕ್ಷರ ಬರೆದಿಲ್ಲ!

ಹೊಸದಾಗಿ ಹಾಡು ಬರೆಯುತ್ತಿರುವವರೇ, ರೀಲ್ಸ್ ಆಮೇಲೆ ಮಾಡಿ. ಮೊದಲು ಐಪಿಆರ್‌ಎಸ್ ಸದಸ್ಯರಾಗಿ, ನಿಮ್ಮ ಹಾಡುಗಳನ್ನು ಒಂದೂ ಬಿಡದೆ ನೋಂದಾಯಿಸಿ. ಶೀರ್ಷಿಕೆಯಲ್ಲೇ ಹೆಸರು ಹಾಕಬೇಕೆಂಬ ಷರತ್ತನ್ನು ಒಪ್ಪಂದದಲ್ಲಿ ಬರೆಸಿಕೊಂಡ ಮೇಲೆಯೇ ಸಹಿ ಹಾಕಿ.