ಯಾರ ಪರವಾಗಿ ಈ ಕಂಠ?

ಅಮೆರಿಕದ ಸಣ್ಣ ಊರುಗಳ ಪತ್ರಿಕೆಗಳಲ್ಲಿ ನಿವೃತ್ತರ ಪರಿಚಯ ಲೇಖನಗಳನ್ನು ಓದುವವರಿಗೆ ಒಂದು ಬಗೆಯ ಬದುಕು ಚಿರಪರಿಚಿತ. ಹರೆಯದಲ್ಲಿ ಊರಿನ ಹವ್ಯಾಸಿ ತಂಡದಲ್ಲಿ ನಟನೆ, ನಿರ್ದೇಶನ. ನಡುವೆ ಕೆಲವು ವರ್ಷ ಸಂಗೀತ. ಕೊನೆಗೆ ಮಾಜಿ ಸೈನಿಕರ ಆಸ್ಪತ್ರೆಯಲ್ಲೋ ಸಂಘದಲ್ಲೋ ಸಾರ್ವಜನಿಕ ಸಂಪರ್ಕಾಧಿಕಾರಿಯ ಹುದ್ದೆ. ನಮ್ಮವರು ಇದನ್ನು ಓದಿದರೆ ‘ಪಾಪ, ಎಲ್ಲಿಯೂ ನೆಲೆ ನಿಲ್ಲಲಿಲ್ಲ’ ಎಂದು ಮರುಗುತ್ತಾರೆ. ಲಂಡನ್ನಿನಲ್ಲಿ ಭೂವಿಜ್ಞಾನ ಓದಿ ಬಂದು ನಾಟಕಕಾರರಾದ ಕೈಲಾಸಂ ಅವರನ್ನು ವೇದಿಕೆಯ ಮೇಲೆ ಕೊಂಡಾಡುವ ನಾವು, ನಮ್ಮ ಮನೆಯ ಮಗಳು ಅದೇ ದಾರಿ ಹಿಡಿದರೆ ಸುಮ್ಮನಿರುತ್ತೇವೆಯೇ?

ನನಗೆ ಆ ಮೂರು ವೃತ್ತಿಗಳು ಚೆದುರಿದಂತೆ ಕಾಣುವುದಿಲ್ಲ. ಇನ್ನೊಬ್ಬರ ಅನುಭವವನ್ನು ತನ್ನ ಕಂಠದಿಂದ ನಾಲ್ಕು ಜನರಿಗೆ ತಲುಪಿಸುವ ಕಸುಬು ಮೂರರಲ್ಲಿಯೂ ಒಂದೇ. ಆತಂಕದ ಸಂಗತಿ ಬೇರೆಯೇ ಇದೆ. ನಟ ತಾನು ನಟಿಸುತ್ತಿದ್ದೇನೆಂಬುದನ್ನು ಮುಚ್ಚಿಡುವುದಿಲ್ಲ. ಟಿಕೆಟ್ ಕೊಂಡವರಿಗೂ ಅದು ಗೊತ್ತು. ಸಾರ್ವಜನಿಕ ಸಂಪರ್ಕದವರು ಅದೇ ಕಲೆಯನ್ನು ಬಳಸುತ್ತಾರೆ, ಆದರೆ ನಾಟಕವೆಂದು ಹೇಳುವುದಿಲ್ಲ.

ಈ ನಂಟು ಹಳೆಯದು. 1917ರಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕೆ ಇಳಿದಾಗ, ಪತ್ರಕರ್ತ ಜಾರ್ಜ್ ಕ್ರೀಲ್ ಮುಂದಾಳುತನದಲ್ಲಿ ಸರ್ಕಾರವು ಪ್ರಚಾರ ಸಮಿತಿಯೊಂದನ್ನು ರಚಿಸಿತು. ಚಿತ್ರಮಂದಿರಗಳಲ್ಲಿ ರೀಲು ಬದಲಿಸಲು ಸುಮಾರು ನಾಲ್ಕು ನಿಮಿಷ ಬೇಕಾಗುತ್ತಿತ್ತು. ಆ ಬಿಡುವಿನಲ್ಲಿ ಊರಿನ ವಕೀಲನೋ ಉಪಾಧ್ಯಾಯನೋ ಎದ್ದು ನಿಂತು ಯುದ್ಧದ ಪರವಾಗಿ ಮಾತನಾಡುತ್ತಿದ್ದ. ‘ನಾಲ್ಕು ನಿಮಿಷದವರು’ ಎಂದೇ ಹೆಸರಾದ ಈ ಸ್ವಯಂಸೇವಕರು ಸುಮಾರು 75,000 ಮಂದಿ. ಏನು ಹೇಳಬೇಕೆಂಬುದು ವಾಷಿಂಗ್ಟನ್ನಿನಿಂದ ಬರುತ್ತಿತ್ತು. ಹೇಳುವ ದನಿ ಮಾತ್ರ ನೆರೆಮನೆಯವನದು. ಮುಂದೆ ಸಾಮೂಹಿಕ ಗಾಯನವೂ ಸೇರಿಕೊಂಡಿತು. ಸಾರ್ವಜನಿಕ ಸಂಪರ್ಕವನ್ನು ಒಂದು ವೃತ್ತಿಯಾಗಿ ಬೆಳೆಸಿದ ಎಡ್ವರ್ಡ್ ಬರ್ನೇಸ್ ಪಳಗಿದ್ದೂ ಇದೇ ಸಮಿತಿಯಲ್ಲಿ.

ಹಾಗೆ ಹುರಿದುಂಬಿಸಿ ಕಳುಹಿಸಿದ ಸೈನಿಕರು 1932ರಲ್ಲಿ, ಕೆಲಸವಿಲ್ಲದೆ ಹಸಿದು, ಸರ್ಕಾರ ಕೊಡಲೊಪ್ಪಿದ್ದ ಬೋನಸ್ಸನ್ನು ಬೇಗ ಕೊಡಿರೆಂದು ಕೇಳಲು ರಾಜಧಾನಿಗೆ ಬಂದು ಬೀಡುಬಿಟ್ಟರು. ಜುಲೈ 28ರಂದು ಜನರಲ್ ಮ್ಯಾಕಾರ್ಥರ್ ನೇತೃತ್ವದ ಸೇನೆಯೇ ಅವರನ್ನು ಅಶ್ರುವಾಯು ಬಿಟ್ಟು ಓಡಿಸಿತು; ಗುಡಿಸಲುಗಳು ಬೂದಿಯಾದವು. ಅವರ ಪರವಾಗಿ ನಾಲ್ಕು ನಿಮಿಷ ಮಾತನಾಡಲು ಸರ್ಕಾರ ಯಾರನ್ನೂ ಕಳುಹಿಸಲಿಲ್ಲ.

ಕಾಲ ಬದಲಾಯಿತೆಂದುಕೊಳ್ಳುವವರು ಪ್ಯಾಟ್ ಟಿಲ್ಮನ್ ಪ್ರಕರಣವನ್ನು ನೆನೆಯಬೇಕು. ಫುಟ್ಬಾಲಿನ ಲಕ್ಷಾಂತರ ಡಾಲರ್ ಬಿಟ್ಟು ಸೇನೆಗೆ ಸೇರಿದ ಈ ತರುಣ 2004ರ ಏಪ್ರಿಲ್ 22ರಂದು ಅಫ್ಘಾನಿಸ್ತಾನದಲ್ಲಿ ತನ್ನದೇ ಪಡೆಯವರ ಗುಂಡಿಗೆ ಬಲಿಯಾದ. ಲೋಕಕ್ಕೆ ಹೇಳಿದ್ದು ಶತ್ರುವಿನ ಗುಂಡೆಂದು. ಪದಕ, ಟಿ.ವಿ.ಯಲ್ಲಿ ಸಂತಾಪ ಸಭೆ, ಎಲ್ಲವೂ ಸಾಂಗವಾಗಿ ನಡೆದವು. ನಿಜ ತಿಳಿಯಲು ಹೆತ್ತವರು ವಾರಗಟ್ಟಲೆ ಕಾಯಬೇಕಾಯಿತು. ಸತ್ತ ಸೈನಿಕನನ್ನು ಅವನ ಒಪ್ಪಿಗೆಯಿಲ್ಲದೆ ಪಾತ್ರಧಾರಿಯಾಗಿಸಿದ ನಾಟಕವಿದು.

ಅದೇ ಕಲೆ ಇನ್ನೊಂದು ದಿಕ್ಕಿಗೂ ತಿರುಗಬಲ್ಲದು. 2008ರಲ್ಲಿ ಬ್ರಯನ್ ಡೋರೀಸ್ ಎಂಬ ನಿರ್ದೇಶಕ ಸ್ಯಾನ್ ಡಿಯೇಗೋದಲ್ಲಿ ಸುಮಾರು 400 ನೌಕಾಪದಾತಿ ಸೈನಿಕರು ಮತ್ತು ಅವರ ಮನೆಯವರ ಮುಂದೆ ಸೋಫೋಕ್ಲಿಸನ ‘ಏಜಾಕ್ಸ್’ ಹಾಗೂ ‘ಫಿಲೊಕ್ಟಿಟೀಸ್’ ನಾಟಕಗಳ ಭಾಗಗಳನ್ನು ನಟರಿಂದ ಓದಿಸಿದ. ವೇಷವಿಲ್ಲ, ರಂಗಸಜ್ಜಿಕೆಯಿಲ್ಲ. ಏಜಾಕ್ಸ್ ಅವಮಾನದಿಂದ ಕುದಿದು ಕೊನೆಗೆ ತನ್ನ ಕತ್ತಿಗೆ ತಾನೇ ಬೀಳುವ ವೀರ; ಫಿಲೊಕ್ಟಿಟೀಸ್ ವಾಸಿಯಾಗದ ಗಾಯದ ಕಾರಣಕ್ಕೆ ಸಂಗಡಿಗರೇ ದ್ವೀಪದಲ್ಲಿ ತೊರೆದುಹೋದವನು. ಬರೆದ ಸೋಫೋಕ್ಲಿಸ್ ಸ್ವತಃ ಅಥೆನ್ಸಿನ ಸೇನಾನಿಯಾಗಿದ್ದವನು. ಓದು ಮುಗಿದ ಮೇಲೆ ಮುಕ್ಕಾಲು ಗಂಟೆಗೆಂದು ಇಟ್ಟುಕೊಂಡಿದ್ದ ಸಂವಾದ ಮೂರು ಗಂಟೆ ದಾಟಿತು. ಅಲ್ಲಿ ಮಾತನಾಡಿದವರು ನಟರಲ್ಲ, ಸೈನಿಕರು ಮತ್ತು ಅವರ ಹೆಂಡಂದಿರು. ನನ್ನ ಮಟ್ಟಿಗೆ ಸಾರ್ವಜನಿಕ ಸಂಪರ್ಕವೆಂದರೆ ಇದು. ಪತ್ರಿಕಾ ಪ್ರಕಟಣೆ ಹೊರಡಿಸುವುದು ಇದರ ಮುಂದೆ ಗುಮಾಸ್ತಿಕೆ.

ಹ್ಯಾರಿ ಬೆಲಫಾಂಟೆಯ ಬದುಕೂ ನೆನಪಾಗುತ್ತದೆ. ನೌಕಾಪಡೆಯಿಂದ ಮರಳಿ ಹಾರ್ಲೆಮ್ಮಿನ ವಸತಿ ಕಟ್ಟಡದಲ್ಲಿ ಜಾಡಮಾಲಿಯ ಸಹಾಯಕನಾಗಿದ್ದಾಗ ಬಾಡಿಗೆದಾರರೊಬ್ಬರು ಭಕ್ಷೀಸೆಂದು ನಾಟಕದ ಎರಡು ಟಿಕೆಟ್ ಕೊಟ್ಟರು. ಅಮೆರಿಕನ್ ನೀಗ್ರೋ ಥಿಯೇಟರ್ ಎಂಬ ಸಮುದಾಯದ ತಂಡ ಆಡುತ್ತಿದ್ದ ಆ ನಾಟಕ, ಯುದ್ಧದಿಂದ ಮನೆಗೆ ಮರಳಿದ ಸೈನಿಕನದು. ಅಲ್ಲಿಂದ ಅವನು ರಂಗಕ್ಕೆ ಬಂದ. ಮಾಜಿ ಸೈನಿಕರ ಕಾಯ್ದೆಯ ನೆರವಿನಲ್ಲಿ ನಟನೆ ಕಲಿತ. ಖರ್ಚಿಗೆ ಸಾಲದೆ ಕ್ಲಬ್ಬುಗಳಲ್ಲಿ ಹಾಡಿದ. ಹಾಡಿನಿಂದ ಬಂದ ಹೆಸರನ್ನೂ ಹಣವನ್ನೂ 1963ರಲ್ಲಿ ಬರ್ಮಿಂಗ್‌ಹ್ಯಾಮಿನ ಹೋರಾಟಗಾರರ ಜಾಮೀನಿಗೆ ಒದಗಿಸಿದ. ನೆಲೆ ನಿಲ್ಲಲಿಲ್ಲವೆಂದು ಇವನಿಗಾಗಿ ಮರುಗುವವರುಂಟೇ? ಅದೇ ಕಾಯ್ದೆ ಅವನಂಥ ಕಪ್ಪು ಜನರಿಗೆ ಎಷ್ಟು ದಕ್ಕಿತೆಂಬುದು ಬೇರೆ ಮಾತು: 1947ರಲ್ಲಿ ಮಿಸಿಸಿಪಿಯಲ್ಲಿ ಸರ್ಕಾರದ ಖಾತರಿಯಿಂದ ಮಾಜಿ ಸೈನಿಕರಿಗೆ ಸಿಕ್ಕ 3,229 ಸಾಲಗಳಲ್ಲಿ ಕಪ್ಪು ಜನರಿಗೆ ಬಂದದ್ದು ಎರಡು. ಇಂಥ ಅಂಕಿಯನ್ನು ಯಾವ ಸಂಪರ್ಕಾಧಿಕಾರಿ ತಾನಾಗಿ ಹೊರಗೆಡಹಿಯಾನು?

ಇದು ನಮಗೆ ಸಂಬಂಧಿಸದ ವಿಷಯವಲ್ಲ. ಈ ದೇಶದಲ್ಲಿ ತರಬೇತಿ ಪಡೆದ ನಮ್ಮ ವೈದ್ಯರಲ್ಲಿ ಬಹಳ ಮಂದಿ ಮಾಜಿ ಸೈನಿಕರ ಆಸ್ಪತ್ರೆಗಳಲ್ಲಿ ದುಡಿದವರು. ನಮ್ಮ ಕನ್ನಡ ಕೂಟಗಳಲ್ಲಿ ನಾಟಕ ಆಡಬಲ್ಲವರು, ಹಾಡಬಲ್ಲವರು ಧಾರಾಳವಾಗಿದ್ದಾರೆ. ಊರಿನಿಂದ ಮಕ್ಕಳ ಮನೆಗೆ ಬಂದಿರುವ ತಂದೆಯರಲ್ಲಿ ಸೇನೆಯಿಂದ ನಿವೃತ್ತರಾದವರೂ ಇರುತ್ತಾರೆ. ಕೊಡಗಿನ ಕುಟುಂಬಗಳಲ್ಲಂತೂ ಕೇಳುವುದೇ ಬೇಡ. ಆಗಸ್ಟ್ 15 ಬಂದರೆ ಅವರನ್ನು ವೇದಿಕೆಗೆ ಕರೆದು, ಶಾಲು ಹೊದಿಸಿ, ಫೋಟೋ ತೆಗೆಸಿ, ಚಪ್ಪಾಳೆ ತಟ್ಟಿ ಕೆಳಗಿಳಿಸುತ್ತೇವೆ. ಮರುಕ್ಷಣವೇ ದೇಶಭಕ್ತಿಗೀತೆಗೆ ಮಕ್ಕಳ ನೃತ್ಯ. ಮುಂದಿನ ಕಾರ್ಯಕ್ರಮದಲ್ಲಿ ಒಂದು ನೃತ್ಯವನ್ನು ಕೈಬಿಟ್ಟು ಆ ಹಿರಿಯರ ಕೈಗೆ ಮೈಕು ಕೊಡೋಣ. ಏನು ಹೇಳಬೇಕೆಂದು ಮೊದಲೇ ತಿಳಿಸುವುದು ಬೇಡ, ನಾಲ್ಕೇ ನಿಮಿಷವೆಂದು ಗಡಿಯಾರ ತೋರಿಸುವುದೂ ಬೇಡ.