ಗೇಮ್ ಲ್ಯಾಗ್ ಆದ್ರ ಭಿಶಿ ರೊಕ್ಕ ಯಾಕ ಕೊಡಬೇಕು?

ಎಸ್ಸೆಸ್ಸೆಲ್ಸಿ ಮುಗಿಸಿದ ಹುಡುಗೂರು ಇದ್ದ ಮನ್ಯಾಗೆಲ್ಲಾ ಈಗ ಒಂದ ರಾಗ. ಗೇಮ್ ಲ್ಯಾಗ್ ಆಗ್ಲಿಕತ್ತದ, ಅಂದ್ರ ಆಟ ತಡದ ತಡದ ಓಡ್ಲಿಕತ್ತದ, ಈ ಲ್ಯಾಪ್‌ಟಾಪ್ ಉಪಯೋಗಿಲ್ಲ, ಗ್ರಾಫಿಕ್ಸ್ ಕಾರ್ಡ್ ಇದ್ದ ಗೇಮಿಂಗ್ ಲ್ಯಾಪ್‌ಟಾಪ್ ಬೇಕು. ಅಪ್ಪ ಆದವರು ಅಂಗಡಿಗೆ ಹೋಗಿ ಕೇಳ್ತಾರ. ಅಂಗಡಿಯವ ಅದ ರಾಗಕ್ಕ ತಾಳಾ ಹಾಕ್ತಾನ: "ಇದು ಇಂಟಿಗ್ರೇಟೆಡ್ ಗ್ರಾಫಿಕ್ಸ್ ರೀ ಸರ್, ಇದಕ್ಕ ಏನೂ ಮಾಡ್ಲಿಕ್ಕಾಗಂಗಿಲ್ಲ." ಮನಿಗೆ ಬಂದು ನಮ್ಮ ಮುಂದ ಅದನ್ನ ವೇದವಾಕ್ಯದಂಗ ಹೇಳ್ತಾರ. ನಾವು ಏನರೆ ಕೇಳ್ಲಿಕ್ಕೆ ಹೋದ್ರ, "ನಿನಗ ಅದೆಲ್ಲಾ ತಿಳಿಯಂಗಿಲ್ಲ, ಚಹಾ ತಾ" ಅಂತಾರ.

ಚಹಾ ತರೋಣಂತ. ಆದ್ರ "ಏನೂ ಮಾಡ್ಲಿಕ್ಕಾಗಂಗಿಲ್ಲ" ಅನ್ನೋ ಮಾತು ಮುಕ್ಕಾಲು ಪಾಲು ಸುಳ್ಳು. ಉಳದ ಕಾಲುಪಾಲು ಖರೇ ಅದ, ಅದನ್ನೂ ಮುಚ್ಚಿಡಂಗಿಲ್ಲ, ಮುಂದ ಹೇಳ್ತೇನಿ.

ನಮ್ಮ ಓಣ್ಯಾಗಿನ ವೈನಿಯೊಬ್ಬರ ಮನ್ಯಾಗ ಹೋದ ತಿಂಗಳು ಇದ ಆತು. ನಮ್ಮ ಭಿಶಿ ನಿಮಗ ಗೊತ್ತದಲ್ಲಾ, 20 ಮಂದಿ, ತಲಿಗೆ ತಿಂಗಳಿಗೆ 2,000, ಪಾಳಿ ಬಂದವರಿಗೆ 40,000. ಅಂಗಡಿಯವ ತೋರಿಸಿದ ಲ್ಯಾಪ್‌ಟಾಪಿಗೆ 80,000. ಅಂದ್ರ ಎರಡು ಸಲ ಭಿಶಿ ಎತ್ತಿದ ರೊಕ್ಕ. 40 ತಿಂಗಳು ಹಾಲಿನ್ಯಾಗ, ಕಾಯಿಪಲ್ಯಾದಾಗ ಉಳಿಸಿ ಉಳಿಸಿ ಕಟ್ಟಿದ್ದು. ಅವರು ಅದನ್ನ ಇಟ್ಟದ್ದು ಮಗಳ ಹಾಸ್ಟೆಲ್ ಫೀಗೆ. ಆ ಮಗಳಿಗೆ ಏನಂತ ತೀರ್ಮಾನ ಆಗ್ಯದ ಗೊತ್ತದ ಏನ್ರಿ? "ತಮ್ಮನ ಹಳೇ ಲ್ಯಾಪ್‌ಟಾಪ್ ಅಕಿಗೆ ಬರ್ತದಲ್ಲಾ, ಓದ್ಲಿಕ್ಕೆ ಅಷ್ಟ ಸಾಕು." ಅದ ಲ್ಯಾಪ್‌ಟಾಪಿನ್ಯಾಗ ಅಕಿ ಆನ್‌ಲೈನ್ ಕ್ಲಾಸ್ ನಿಂತ ನಿಂತ ಬರೂವಾಗ ಯಾರೂ ಅಂಗಡಿಗೆ ಓಡಲಿಲ್ಲ, "ಸ್ವಲ್ಪ ಅಡ್ಜಸ್ಟ್ ಮಾಡ್ಕೊ" ಅಂದ್ರು. ಹುಡುಗನ ಆಟ ತಡದ್ರ ಅದು ಯಂತ್ರದ ತಪ್ಪು, ಹುಡುಗಿ ಪಾಠ ತಡದ್ರ ಹುಡುಗೀನ ತಡಕೋಬೇಕು. ಇದನ್ನ ಕೇಳಿ ನನಗ ಸುಮ್ಮನ ಕೂಡ್ಲಿಕ್ಕೆ ಆಗಲಿಲ್ಲ. ಅದಕ್ಕ ಮಾವಿನಕಾಯಿ ಮಸಾಲಿ ಬಾಜೂಕಿಟ್ಟು ಈ ಸಲ ಇದನ್ನ ಬರೀಲಿಕತ್ತೇನಿ.

ಮದಲ ವಿಷಯ ತಿಳಕೋರಿ, ಭಾಳ ದೊಡ್ಡ ವಿದ್ಯಾ ಏನಲ್ಲ. ಲ್ಯಾಪ್‌ಟಾಪಿನೊಳಗ ಲೆಕ್ಕಾ ಮಾಡೋದು ಪ್ರೊಸೆಸರ್. ಪರದೆ ಮ್ಯಾಲೆ ಚಿತ್ರಾ ಬಿಡಿಸೋದು ಗ್ರಾಫಿಕ್ಸ್. ಗೇಮಿಂಗ್ ಲ್ಯಾಪ್‌ಟಾಪಿನ್ಯಾಗ ಚಿತ್ರಾ ಬಿಡಿಸಲಿಕ್ಕೆ ಬ್ಯಾರೆ ಚಿಪ್ ಇರ್ತದ, ಅದಕ್ಕ ಅದರದ ಸ್ವಂತ ಮೆಮರಿ ಇರ್ತದ. ನಮ್ಮ ಮನಿಯೊಳಗಿನ ಸಾದಾ ಲ್ಯಾಪ್‌ಟಾಪಿನ್ಯಾಗ ಅದು ಪ್ರೊಸೆಸರಿನ ಸಂಗಾಟ ಒಂದ ಚಿಪ್ಪಿನೊಳಗ ಕೂತಿರ್ತದ, ಸ್ವಂತ ಮೆಮರಿ ಇಲ್ಲ, ಎಲ್ಲಾ ಸಾಮಾನೂ ರ‍್ಯಾಮಿನಿಂದನ ತರಬೇಕು. ಒಂದ ಮನ್ಯಾಗ ಇಬ್ಬರು ವಾರಗಿತ್ತ್ಯಾರು, ಸಾಮಾನಿನ ಖೋಲಿ ಒಂದ, ಅದರ ಬಾಗಲಾನೂ ಒಂದ ಅಂತ ತಿಳಕೋರಿ. ಒಬ್ಬಾಕಿ ಹಿಟ್ಟು ತಗೊಂಡು ಹೊರಗ ಬರೂತನಕ ಇನ್ನೊಬ್ಬಾಕಿ ಹಂಚು ಕಾಸ್ಕೊಂಡು ನಿಲ್ಲಬೇಕು. ಅಕಿಗೆ ರೊಟ್ಟಿ ಬಡೀಲಿಕ್ಕೆ ಬರಂಗಿಲ್ಲ ಅಂತಲ್ಲ, ಬಾಗಲಾ ಸಣ್ಣದು.

ಈಗ ಅಂಗಡಿಯವ ಹೇಳದ ಬಿಟ್ಟ ಮಾತು. ಎಷ್ಟೋ ಲ್ಯಾಪ್‌ಟಾಪಿನ್ಯಾಗ 8 ಜಿಬಿ ರ‍್ಯಾಮಿನ ಒಂದ ಪಟ್ಟಿ ಹಾಕಿ ಮಾರ್ತಾರ, ಬಾಜೂಕ ಇನ್ನೊಂದು ಪಟ್ಟಿ ಕೂಡೋ ಜಾಗಾ ಖಾಲಿ ಬಿಟ್ಟಿರ್ತಾರ. ಡಿಡಿಆರ್4, 3200 ಅನ್ನೋ ಜಾತಿ ರ‍್ಯಾಮ್ ಒಂದ ಪಟ್ಟಿ ಇದ್ರ ಸೆಕೆಂಡಿಗೆ ಹೆಚ್ಚಂದ್ರ 25.6 ಜಿಬಿ ಸಾಮಾನು ಸಾಗಸ್ತದ. ಅಂಥಾದ್ದ ಇನ್ನೊಂದು ಹಾಕಿದ್ರ 51.2. ಪ್ರೊಸೆಸರ್ ಅದ, ಗ್ರಾಫಿಕ್ಸ್ ಅದ, ಬಾಗಲಾ ಮಾತ್ರ ಎರಡಾದ್ವು. ಇದು ನಾ ಕಟ್ಟಿದ ಕಥಿ ಅಲ್ಲ. ಇಂಟೆಲ್ ಕಂಪನಿಯ 11ನೇ ತಲೆಮಾರಿನ ಐ5 ಪ್ರೊಸೆಸರಿನೊಳಗ ಐರಿಸ್ ಎಕ್ಸ್‌ಇ ಅಂತ ಗ್ರಾಫಿಕ್ಸ್ ಬರ್ತದ. ಒಂದ ಪಟ್ಟಿ ರ‍್ಯಾಮ್ ಇದ್ದಾಗ ಅದ ಚಿಪ್ಪು ತನ್ನ ಹೆಸರು ಬರೇ "ಯುಎಚ್‌ಡಿ" ಅಂತ ತೋರಸ್ತದ. ಎರಡು ಪಟ್ಟಿ ಹಾಕಿದ ಮ್ಯಾಲೆನ ಐರಿಸ್ ಅನ್ನೋ ಪೂರ್ತಿ ಹೆಸರು ಹೇಳ್ತದ. ಕಂಪನೀನ ಒಪ್ಪಿಕೊಂಡದ್ದನ್ನ ಅಂಗಡಿಯವ ಯಾಕ ಒಪ್ಪಂಗಿಲ್ಲ? ಒಂದ ಪಟ್ಟಿ ಮಾರಿದ್ರ ಅವಗ ಎಷ್ಟ ಸಿಗ್ತದ, ಹೊಸಾ ಲ್ಯಾಪ್‌ಟಾಪ್ ಮಾರಿದ್ರ ಎಷ್ಟ ಸಿಗ್ತದ, ಅದನ್ನ ನೀವ ಲೆಕ್ಕಾ ಹಾಕ್ರಿ.

ನಿಮ್ಮ ಮನೀದು ಹೆಂಗದ ಅಂತ ನೋಡ್ಲಿಕ್ಕೆ ಯಾರನ್ನೂ ಕರೀಬ್ಯಾಡ್ರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್, ಮೂರೂ ಗುಂಡಿ ಒಮ್ಮೆಲೆ ಒತ್ರಿ. ಟಾಸ್ಕ್ ಮ್ಯಾನೇಜರ್ ತೆರೀತದ. ಅದರಾಗ ಪರ್ಫಾರ್ಮೆನ್ಸ್, ಅದರೊಳಗ ಮೆಮರಿ. ಕೆಳಗ "ಸ್ಲಾಟ್ಸ್ ಯೂಸ್ಡ್" ಅಂತ ಇರ್ತದ. ಅಲ್ಲೆ "1 ಆಫ್ 2" ಅಂತಿದ್ರ ನಿಮ್ಮ ಲ್ಯಾಪ್‌ಟಾಪ್ ಒಂದ ಬಾಗಲಾ ತಗದು ಸಂಸಾರ ಮಾಡ್ಲಿಕತ್ತದ ಅಂತ ಅರ್ಥ. ವೈನಿ ಮಗಳು ನನ್ನ ಮುಂದನ ನೋಡಿದ್ಲು, ಅವರದೂ ಹಂಗ ಇತ್ತು. ಒಂದ ಎಚ್ಚರಿಕಿ: ಕೆಲವು ತೆಳುವಾದ ಲ್ಯಾಪ್‌ಟಾಪಿನ್ಯಾಗ ರ‍್ಯಾಮ್ ಒಳಗ ಬೆಸದ ಬಿಟ್ಟಿರ್ತಾರ, ಅದಕ್ಕ ಪಟ್ಟಿ ಹಾಕ್ಲಿಕ್ಕೆ ಬರಂಗಿಲ್ಲ. ಡಿಡಿಆರ್4 ಇದ್ದಲ್ಲೆ ಡಿಡಿಆರ್5 ಕೂಡಂಗಿಲ್ಲ. ಇದ್ದದ್ದರ ಜೋಡಿ, ಅದ ಅಳತಿ, ಅದ ವೇಗದ್ದು ತಗೋಬೇಕು. ರ‍್ಯಾಮಿನ ದರ ಬಂಗಾರದಂಗ ಏರ್ತದ ಇಳೀತದ, ಎರಡು ಕಡೆ ಕೇಳೇ ತಗೋರಿ. ಎಷ್ಟ ಏರಿದ್ರೂ ಒಂದ ಪಟ್ಟಿಗೆ ಹೊಸಾ ಲ್ಯಾಪ್‌ಟಾಪಿನಷ್ಟು ರೊಕ್ಕ ಬೀಳಂಗಿಲ್ಲ.

ಪಟ್ಟಿ ತರೂದೂ ಮುಂದಿನ ಮಾತು. ಒಂದ ರೂಪಾಯಿ ಖರ್ಚಿಲ್ಲದ ಆಗೋ ಕೆಲಸಾ ಮದಲ ಮಾಡ್ರಿ. ಪರದೆ ಮ್ಯಾಲಿನ ಚಿತ್ರ ಅಂದ್ರ ನಮ್ಮ ಚುಕ್ಕಿ ರಂಗೋಲಿನ. 1080 ಅಂತ ಹುಡುಗೂರು ಹೇಳ್ತಾವಲ್ಲಾ, ಅದರಾಗ ಒಂದ ಸಾಲಿಗೆ 1920 ಚುಕ್ಕಿ, ಅಂಥಾ 1080 ಸಾಲು. ಒಟ್ಟು 20,73,600 ಚುಕ್ಕಿ. 720 ಇಟ್ಟರ 9,21,600, ಅರ್ಧಕ್ಕಿಂತಾ ಕಡಿಮಿ. ಸೆಕೆಂಡಿಗೆ 60 ರಂಗೋಲಿ ಹಾಕಬೇಕಂದ್ರ ಒಂದಕ್ಕ ಸಿಗೋ ವ್ಯಾಳ್ಯಾ 16.7 ಮಿಲಿಸೆಕೆಂಡು. 30 ಸಾಕು ಅಂದ್ರ 33 ಸಿಗ್ತದ. ಹಂಗಾದ್ರ ಸಾದಾ ಲ್ಯಾಪ್‌ಟಾಪಿಗೆ 1080 ಇಟ್ಟು, ನೆರಳು ಇಟ್ಟು, ನೀರಿನ ಹೊಳಪು ಇಟ್ಟು, ಮ್ಯಾಲೆ "ಲ್ಯಾಗ್ ಆಗ್ತದ" ಅಂದ್ರ? ಶ್ರಾವಣ ಶುಕ್ರವಾರ 5 ನಿಮಿಷದಾಗ ಅಂಗಳ ತುಂಬ ರಂಗೋಲಿ ಹಾಕು ಅಂದಂಗ. ಸೆಟ್ಟಿಂಗಿನ್ಯಾಗ ಮದಲ ನೆರಳು ತಗೀಬೇಕು, ಶ್ಯಾಡೋಸ್ ಅಂತಿರ್ತದ. ಆಮ್ಯಾಲೆ ಆಂಟಿ ಅಲಿಯಾಸಿಂಗ್, ಪ್ರತಿಬಿಂಬ, ಹುಲ್ಲು. ಆಮ್ಯಾಲೆ ರೆಸಲ್ಯೂಷನ್ ಇಳಿಸಬೇಕು. ಒಮ್ಮೆ 60 ಒಮ್ಮೆ 20 ಅಂತ ಹಾರಾಡೂ ಬದಲಿ 30ಕ್ಕ ಕಟ್ಟಿ ಹಾಕಿದ್ರ ಆಟ ಒಂದ ಸವನ ನಡೀತದ, ಕೈಗೂ ಹಿತ ಅನಸ್ತದ.

ಮೈನ್‌ಕ್ರಾಫ್ಟ್ ಆಡೋ ಸಣ್ಣ ಹುಡುಗೂರ ತಾಯಂದ್ರು ಇದನ್ನ ಕೇಳ್ರಿ. ಅದರಾಗ ರೆಂಡರ್ ಡಿಸ್ಟನ್ಸ್ ಅಂತದ, ಎಷ್ಟ ದೂರದ ತನಕ ಭೂಮಿ ಕಾಣಬೇಕು ಅನ್ನೋದು. 16 ಇಟ್ಟರ ಸುತ್ತಲೂ 33ಕ್ಕ 33, ಅಂದ್ರ 1,089 ತುಂಡು ಭೂಮಿ ಲೆಕ್ಕದಾಗ ಇಡಬೇಕು. 8 ಇಟ್ಟರ 17ಕ್ಕ 17, ಬರೇ 289. ಒಂದ ಗುಂಡಿ ಸರಿಸಿದ್ರ ಮುಕ್ಕಾಲು ಕೆಲಸಾ ಹಗುರ. ಇದಕ್ಕ 80,000 ಯಾಕ ಬೇಕು?

ದೊಡ್ಡ ಹುಡುಗೂರು ಭಾಳ ಆಡೋ ವ್ಯಾಲರಂಟ್ 2020ರಾಗ ಬಂದದ್ದು. ಅದನ್ನ ಮಾಡಿದ ರಾಯಟ್ ಗೇಮ್ಸ್ ಕಂಪನೀನ, ಸೆಕೆಂಡಿಗೆ 30 ಚಿತ್ರಕ್ಕ ಇಂಟೆಲ್ ಎಚ್‌ಡಿ 4000 ಸಾಕು ಅಂತ ಬರದದ. ಆ ಎಚ್‌ಡಿ 4000 ಅನ್ನೋದು 2012ರ ಇಂಟಿಗ್ರೇಟೆಡ್ ಗ್ರಾಫಿಕ್ಸ್! ನಿಮ್ಮ ಮನಿ ಲ್ಯಾಪ್‌ಟಾಪ್ ಅದಕ್ಕಿಂತಾ ಎಷ್ಟೋ ಹೊಸಾದು.

"ಮದಲ ಛೊಲೋ ಓಡ್ತಿತ್ತು, ಅರ್ಧಾ ತಾಸಿಗೆ ತಡೀಲಿಕ್ಕೆ ಶುರು ಆಗ್ತದ" ಅಂತಿದ್ರ ಅದು ಬ್ಯಾರೆ ರೋಗ, ಝಳದ್ದು. ಪ್ರೊಸೆಸರ್ ಹೆಚ್ಚಿಗೆ ಕಾದ್ರ ತನ್ನ ಜೀವ ಉಳಿಸ್ಕೋಳಿಕ್ಕೆ ತಾನ ವೇಗ ಇಳಿಸ್ತದ. ಪ್ರೊಸೆಸರೂ ಗ್ರಾಫಿಕ್ಸೂ ಒಂದ ಚಿಪ್ಪಿನ್ಯಾಗ ಇದ್ದದ್ದಕ್ಕ ಎರಡೂ ಕೂಡೇ ಕುಂಟತಾವ. ಹುಡುಗ ಆಡೋದು ಎಲ್ಲೆ? ಗಾದಿ ಮ್ಯಾಲೆ, ಕೌದಿ ಮ್ಯಾಲೆ. ಗಾಳಿ ಒಳಗ ಹೋಗೋ ಕಿಂಡಿ ಕೆಳಗ ಇರ್ತದ, ಅದಕ್ಕ ಅಜ್ಜಿ ಕೌದಿ ಒತ್ತಿ ಹಿಡದದ. ಹುಬ್ಬಳ್ಳಿ ಧೂಳಿನ ಬಗ್ಗೆ ನಾ ಹೇಳಬೇಕಾಗಿಲ್ಲ. ಫ್ರಿಜ್ಜಿನ ಹಿಂದಿನ ಜಾಳಿಗಿ ವರಸೋ ನಮಗ ಈ ಕಿಂಡಿ ಯಾವ ದೊಡ್ಡ ಮಾತು? ಬಂದ್ ಮಾಡಿ, ಚಾರ್ಜರ್ ತಗದು, ಮೆತ್ತನ ಬ್ರಶ್ಶಿಲೆ ಕಿಂಡಿ ಝಾಡಿಸ್ರಿ. ಒಳಗಿನ ಫ್ಯಾನ್ ಮಾತ್ರ ತಿಳದವರ ಕೈಲೆ ಬಿಚ್ಚಿಸ್ರಿ. ಜೋರು ಗಾಳಿ ಹೊಡದು ಫ್ಯಾನ್ ಗರಗರ ತಿರುಗಿಸಿದ್ರ ಅದ ಕೆಡ್ತದ. ಆಡೂವಾಗ ಟೇಬಲ್ ಮ್ಯಾಲೆ ಇಟ್ಟು ಹಿಂದಿನ ಬದಿ ಒಂದ ಬೆರಳಷ್ಟು ಎತ್ತರಿಸಿದ್ರ ಗಾಳಿ ಆಡ್ತದ. ಚಾರ್ಜರ್ ಹಚ್ಚೇ ಆಡಬೇಕು, ಬರೇ ಬ್ಯಾಟರಿ ಮ್ಯಾಲೆ ಇದ್ದಾಗ ವಿಂಡೋಸ್ ಕೈ ಬಿಗಿ ಹಿಡೀತದ. ಪವರ್ ಮೋಡ್ ಅನ್ನೋದನ್ನ "ಬೆಸ್ಟ್ ಪರ್ಫಾರ್ಮೆನ್ಸ್"ಗೆ ಇಡ್ರಿ. ಹಿಂದ ತೆರದಿಟ್ಟ ಕ್ರೋಮಿನ 30 ಪುಟ ಮುಚ್ಚಿಸ್ರಿ. ಅವೂ ಅದ ರ‍್ಯಾಮಿನ್ಯಾಗ ಪಾಲು ಕೇಳ್ತಾವ.

ಮತ್ತ ಲ್ಯಾಗ್ ಅಂದಿದ್ದೆಲ್ಲಾ ಗ್ರಾಫಿಕ್ಸಿಂದ ಅಲ್ಲ. ಚಿತ್ರ ನುಣ್ಣಗ ಇದ್ದು, ಆಟದಾಗಿನ ಮನಷ್ಯಾ ಮುಂದ ಹೋಗಿ ಗಕ್ಕನ ಹಿಂದ ಬಂದ್ರ ಅದು ಇಂಟರ್ನೆಟ್ ತಕರಾರು. ನಾವು ಮೈಕ್ರೊವೇವಿನ್ಯಾಗ ಹಾಲು ಬಿಸಿ ಮಾಡೋದೂ, ಹಳೇ ವೈಫೈ ನಡಿಯೋದೂ ಹತ್ತಿರ ಹತ್ತಿರ 2.4 ಗಿಗಾಹರ್ಟ್ಸಿನ್ಯಾಗ. ಒಂದರ ಗದ್ದಲಾ ಇನ್ನೊಂದಕ್ಕ ತಾಗ್ತದ. ರೌಟರಿನಿಂದ ಸೀದಾ ವಾಯರ್ ಹಾಕಿದ್ರ ಮುಗೀತು. ಇದಕ್ಕ 80,000ದ ಲ್ಯಾಪ್‌ಟಾಪ್ ತಂದ್ರೂ ಮನಷ್ಯಾ ಹಿಂದಕ್ಕ ಬರೋದು ನಿಲ್ಲಂಗಿಲ್ಲ. ಇದನ್ನರೆ ಅಂಗಡಿಯವ ಕೇಳಿದ್ನಾ?

ಇನ್ನ "ಗೇಮ್ ಬೂಸ್ಟರ್" ಅಂತ ಪುಕ್ಕಟೆ ಸಾಫ್ಟ್‌ವೇರ್ ಹಾಕೋ ಹುಡುಗೂರು ಇದ್ದಾವ. ಅವು ಮಾಡೋದರೊಳಗ ದೊಡ್ಡ ಭಾಗ ಅಂದ್ರ ಹಿಂದಿನ ಪ್ರೋಗ್ರಾಮ್ ಮುಚ್ಚೋದು, ಅದನ್ನ ಟಾಸ್ಕ್ ಮ್ಯಾನೇಜರಿನ್ಯಾಗ ನೀವ ಮಾಡಬಹುದು. ರಿಜಿಸ್ಟ್ರಿ ತಿದ್ದಿ ಗ್ರಾಫಿಕ್ಸ್ ಮೆಮರಿ ಹೆಚ್ಚು ತೋರಿಸೋ ಉಪಾಯನೂ ಹೇಳ್ತಾರ. ಡಬ್ಬಿ ಮ್ಯಾಲೆ 5 ಕಿಲೋ ಅಂತ ಚೀಟಿ ಹಚ್ಚಿದ್ರ ಒಳಗಿನ ಜ್ವಾಳ ಹೆಚ್ಚಾಗ್ತದೇನು? ಗ್ರಾಫಿಕ್ಸಿನ ಡ್ರೈವರ್ ಮಾತ್ರ ಹೊಸಾದು ಹಾಕ್ರಿ, ಇಂಟೆಲ್ ಅಥವಾ ಎಎಮ್‌ಡಿ ಅವರ ಜಾಲತಾಣದಿಂದ, ಬ್ಯಾರೆ ಎಲ್ಲಿಂದೂ ಬ್ಯಾಡ.

ಈಗ ಆ ಕಾಲುಪಾಲು ಖರೇ. ಸೈಬರ್‌ಪಂಕ್ 2077 ಅಂಥಾ ಭಾರಿ ಆಟ ಹಳೇ ಯುಎಚ್‌ಡಿ ಗ್ರಾಫಿಕ್ಸ್ ಮ್ಯಾಲೆ ನೆಟ್ಟಗ ಓಡಂಗಿಲ್ಲ, ಎಷ್ಟ ಇಳಿಸಿದ್ರೂ. ಮಗ ಅನಿಮೇಷನ್ನೋ, ತ್ರೀಡಿ ಕೆಲಸಾನೋ ಕಲೀಲಿಕತ್ತಿದ್ರ ಬ್ಯಾರೆ ಗ್ರಾಫಿಕ್ಸ್ ಬೇಕಾಗಬಹುದು, ಅದು ಅವನ ವಿದ್ಯಾದ ಖರ್ಚು. ಆವಾಗ ಕೊಡೋಣ. ಆದ್ರ ಗೆಳ್ಯಾರು ನಗ್ತಾರ, 720ರಾಗ ಆಡೋದು ಕಡಿಮಿ ಅನಸ್ತದ, ಕೆಂಪು ದೀಪ ಇದ್ದ ಕೀಲಿಮಣಿ ಬೇಕು ಅಂತ ಆದ್ರ ಅದು ಗ್ರಾಫಿಕ್ಸಿನ ಕೊರತಿ ಅಲ್ಲ, ಮತ್ತ ಅದಕ್ಕ ಅವ್ವನ ಭಿಶಿ ಮದ್ದಲ್ಲ.

ಇನ್ನೊಂದು ಕಡಿಂದ ಅತ್ಯಾ, ಮೌಶಿ ಅಂತಾರ, "ಆಟಾನ ಬಿಡಸ್ರಿ, ಎಲ್ಲಾ ತ್ರಾಸೂ ಹೋಗ್ತದ." ನನಗ ಇದೂ ಒಪ್ಪಿಗಿ ಇಲ್ಲ. ಎಷ್ಟ ಹೊತ್ತು ಆಡಬೇಕು ಅನ್ನೋದು ಬ್ಯಾರೆ ಜಗಳ, ಅದನ್ನ ಬ್ಯಾರೆ ದಿವಸ ಆಡೋಣ. ಲ್ಯಾಪ್‌ಟಾಪ್ ಕುಂಟೋದು ಆಟಕ್ಕಷ್ಟ ಅಲ್ಲ. ಅದ ಒಂದ ಬಾಗಲಾ, ಅದ ಧೂಳು ಹುಡುಗಿ ಕ್ಲಾಸಿಗೂ ಅಡ್ಡ ಬರ್ತದ. ಆಟ ಬಿಡಿಸಿ ಲ್ಯಾಪ್‌ಟಾಪ್ ಹಂಗ ಅಕಿಗೆ ಕೊಟ್ಟರ ಅಕಿಗೆ ಸಿಕ್ಕದ್ದು ಏನು? ರಿಪೇರಿ ಮಾಡಿಸಿದ್ರ ಇಬ್ಬರಿಗೂ ಆತು, ಹಾಸ್ಟೆಲ್ ಫೀನೂ ಉಳೀತು. ವೈನಿ ಮನ್ಯಾಗ ಈಗೂ "ನೋಡೋಣ" ಅಂತ ಇದ್ದಾರ, ಅಂಗಡಿಯವ ಮಾತ್ರ "ಆಫರ್ ಈ ವಾರಕ್ಕ ಮುಗೀತದ" ಅಂತ ದಿನಾ ಫೋನ್ ಮಾಡ್ಲಿಕತ್ತಾನ.

ಬರೂ ಶುಕ್ರವಾರ ಭಿಶಿ ನಮ್ಮ ಮನ್ಯಾಗ. ಲ್ಯಾಪ್‌ಟಾಪ್ ಇದ್ದವರು ಎಲ್ಲಾರೂ ತರ್ರಿ, ಕೂತು ಒಂದೊಂದರದೂ ಸ್ಲಾಟ್ ನೋಡಿ ಬರಕೊಳ್ಳೋಣ. ಚಾರ್ಜರ್ ಮರೀಬ್ಯಾಡ್ರಿ. ವೈನಿ, ನೀವು ಮಗಳನ್ನೂ ಕರಕೊಂಡು ಬರ್ರಿ.