ಫುಲ್‌ಬ್ಯಾಕ್ ಯಾರು ಎಂಬುದಕ್ಕಿಂತ ಯಾರ ಜೊತೆ ಎಂಬುದೇ ಮುಖ್ಯ

ಆಸ್ಟ್ರೇಲಿಯಾದ ನ್ಯಾಷನಲ್ ರಗ್ಬಿ ಲೀಗ್‌ನಲ್ಲಿ ಋತುವಿನ ಶ್ರೇಷ್ಠ ಆಟಗಾರನಿಗೆ ನೀಡುವ ಡ್ಯಾಲಿ ಎಂ ಪದಕ 2025ರಲ್ಲಿ ಸಿಡ್ನಿ ರೂಸ್ಟರ್ಸ್ ತಂಡದ ಫುಲ್‌ಬ್ಯಾಕ್ ಜೇಮ್ಸ್ ಟೆಡೆಸ್ಕೊ ಅವರ ಪಾಲಾಯಿತು. ವಿಪರ್ಯಾಸವೆಂದರೆ, ಅದೇ ವರ್ಷದ ಸ್ಟೇಟ್ ಆಫ್ ಆರಿಜಿನ್ ಸರಣಿಯಲ್ಲಿ ಅವರ ರಾಜ್ಯವಾದ ನ್ಯೂ ಸೌತ್ ವೇಲ್ಸ್‌ನ ಒಂದನೇ ಸಂಖ್ಯೆಯ ಅಂಗಿ ತೊಟ್ಟವರು ಅವರಲ್ಲ, ಪೆನ್ರಿತ್ ಪ್ಯಾಂಥರ್ಸ್‌ನ ಡಿಲನ್ ಎಡ್ವರ್ಡ್ಸ್. ಕ್ವೀನ್ಸ್‌ಲ್ಯಾಂಡ್ ವಿರುದ್ಧದ ಆ ಸರಣಿಯನ್ನು ನ್ಯೂ ಸೌತ್ ವೇಲ್ಸ್ 1-2ರಿಂದ ಕಳೆದುಕೊಂಡಿತು.

ಲೀಗ್‌ನಲ್ಲೇ ಶ್ರೇಷ್ಠನೆನಿಸಿದವನಿಗೆ ರಾಜ್ಯ ತಂಡದಲ್ಲಿ ಸ್ಥಾನವಿಲ್ಲವೆಂದರೆ ಆಯ್ಕೆಗಾರರ ವಿವೇಚನೆಯನ್ನೇ ಶಂಕಿಸುವುದು ಸಹಜ. ಆದರೆ ಪ್ರಶ್ನೆ ಅಷ್ಟು ಸರಳವಲ್ಲ. ಫುಲ್‌ಬ್ಯಾಕ್‌ನ ಬೆಲೆ ಆತನೊಬ್ಬನ ಸಾಮರ್ಥ್ಯದಿಂದ ನಿರ್ಧಾರವಾಗುವಂಥದ್ದಲ್ಲ. ಉಳಿದ ಹನ್ನೆರಡು ಮಂದಿಯಲ್ಲಿ ಏನಿದೆ, ಏನಿಲ್ಲ ಎಂಬುದರಿಂದ ನಿರ್ಧಾರವಾಗುತ್ತದೆ.

ಈ ಆಟದ ಪರಿಚಯವಿಲ್ಲದವರಿಗಾಗಿ ಎರಡು ಮಾತು. ರಗ್ಬಿ ಲೀಗ್‌ನಲ್ಲಿ ಪ್ರತಿ ತಂಡಕ್ಕೆ ಹದಿಮೂರು ಆಟಗಾರರು. ಚೆಂಡು ಹಿಡಿದ ತಂಡ ಆರನೇ ಟ್ಯಾಕಲ್‌ಗೆ ಸಿಲುಕುವುದರೊಳಗೆ ಎದುರಾಳಿಯ ಗೆರೆ ದಾಟಿ ಚೆಂಡನ್ನು ನೆಲಕ್ಕೆ ಮುಟ್ಟಿಸಿ ಟ್ರೈ ಗಳಿಸಬೇಕು. ಆಗದಿದ್ದರೆ ಚೆಂಡು ಎದುರಾಳಿಯ ವಶ. ಹೀಗಾಗಿ ಐದನೇ ಟ್ಯಾಕಲ್ ಆದೊಡನೆ ಚೆಂಡನ್ನು ದೂರಕ್ಕೆ ಒದೆಯುವುದು ರೂಢಿ. ಆ ಚೆಂಡನ್ನು ಹಿಡಿಯಲು ಎಲ್ಲರ ಹಿಂದೆ ನಿಂತವನೇ ಫುಲ್‌ಬ್ಯಾಕ್. ಕ್ರಿಕೆಟ್‌ನ ವಿಕೆಟ್‌ಕೀಪರ್‌ನಂತೆ ಇಡೀ ಮೈದಾನವನ್ನು ಎದುರಿಗಿಟ್ಟುಕೊಂಡು ನೋಡಬಲ್ಲವನು ಅವನೇ. ರಕ್ಷಣೆಯಲ್ಲಿ ಆತ ಕೊನೆಯ ಗೋಡೆ. ದಾಳಿಯಲ್ಲಿ, ಎದುರಾಳಿಯ ಲೆಕ್ಕ ತಪ್ಪಿಸುವ ಹೆಚ್ಚುವರಿ ಆಳು. ಈ ಎರಡನೆಯ ಹೊಣೆಯನ್ನು ಯಾರು ಹೇಗೆ ನಿಭಾಯಿಸುತ್ತಾರೆ ಎಂಬಲ್ಲೇ ಶೈಲಿಗಳು ಕವಲೊಡೆಯುತ್ತವೆ.

ಬಿಲ್ಲಿ ಸ್ಲೇಟರ್ ಅವರನ್ನೇ ನೋಡೋಣ. 2003ರಿಂದ 2018ರವರೆಗೆ ಮೆಲ್ಬರ್ನ್ ಸ್ಟಾರ್ಮ್ ಪರ 319 ಪಂದ್ಯಗಳನ್ನಾಡಿ 190 ಟ್ರೈ ಗಳಿಸಿದವರು ಅವರು. ಚೆಂಡು ಎಲ್ಲಿಗೆ ಬರಲಿದೆಯೋ ಅಲ್ಲಿಗೆ ಒಂದು ಕ್ಷಣ ಮೊದಲೇ ತಲುಪುವುದು ಅವರ ವೈಶಿಷ್ಟ್ಯ. ಆದರೆ ಆ ಓಟಕ್ಕೆ ಅರ್ಥ ಬಂದದ್ದು ಹುಕರ್ ಸ್ಥಾನದಲ್ಲಿ ಕ್ಯಾಮರೂನ್ ಸ್ಮಿತ್, ಹಾಫ್‌ಬ್ಯಾಕ್ ಸ್ಥಾನದಲ್ಲಿ ಕೂಪರ್ ಕ್ರಾಂಕ್ ಇದ್ದುದರಿಂದ. ಆಟದ ದಿಕ್ಕು, ವೇಗ, ಒದೆತ ಇವೆಲ್ಲವನ್ನೂ ಅವರಿಬ್ಬರು ನಿರ್ವಹಿಸುತ್ತಿದ್ದುದರಿಂದ ಸ್ಲೇಟರ್ ಯೋಜನೆಯ ಭಾರವಿಲ್ಲದೆ ಓಡಬಹುದಿತ್ತು.

ಟೆಡೆಸ್ಕೊ ಅವರ ಉದಾಹರಣೆ ಇನ್ನೂ ಸ್ಪಷ್ಟ. ಮೈದಾನದ ನಡುಭಾಗದಲ್ಲಿ ಫಾರ್ವರ್ಡ್‌ಗಳ ಬೆನ್ನಿಗೇ ಸಾಗಿ, ಟ್ಯಾಕಲ್‌ನಲ್ಲಿ ಸಿಲುಕಿದವನ ಕೈಯಿಂದ ಚೆಂಡು ಪಡೆದು ನುಗ್ಗುವುದು ಅವರ ಬಗೆ. ವೆಸ್ಟ್ಸ್ ಟೈಗರ್ಸ್‌ನಲ್ಲಿ 2012ರಿಂದ 2017ರವರೆಗೆ ಆಡಿದರೂ ಅವರಿಗೆ ಒಮ್ಮೆಯೂ ಫೈನಲ್ಸ್ ಹಂತ ಕಾಣಲಾಗಲಿಲ್ಲ. 2018ರಲ್ಲಿ ರೂಸ್ಟರ್ಸ್ ಸೇರಿದರು. ಅದೇ ವರ್ಷ ಮೆಲ್ಬರ್ನ್‌ನಿಂದ ಕ್ರಾಂಕ್ ಕೂಡ ಅಲ್ಲಿಗೇ ಬಂದರು. 2018 ಮತ್ತು 2019ರಲ್ಲಿ ರೂಸ್ಟರ್ಸ್ ಸತತ ಎರಡು ಬಾರಿ ಚಾಂಪಿಯನ್ ಆಯಿತು. ಕಾಲು ಅವೇ, ಕಣ್ಣು ಅವೇ. ಬದಲಾದದ್ದು ಮುಂದೆ ದಾರಿ ಮಾಡಿಕೊಡುವ ಫಾರ್ವರ್ಡ್‌ಗಳು ಮತ್ತು ಪಕ್ಕದಲ್ಲಿ ಆಟವನ್ನು ಹಿಡಿತದಲ್ಲಿಟ್ಟ ಅನುಭವಿ.

ಎಡ್ವರ್ಡ್ಸ್ ಬೇರೆಯೇ ಬಗೆಯವರು. ಎದುರಾಳಿ ಒದ್ದ ಚೆಂಡನ್ನು ಹಿಡಿದು, ಎದುರಿಗೆ ಬರುವ ಸಾಲಿಗೆ ಅಂಜದೆ ಮುನ್ನುಗ್ಗಿ, ಹತ್ತಿಪ್ಪತ್ತು ಮೀಟರ್ ಗಳಿಸಿಕೊಡುವ ಶ್ರಮಜೀವಿ. ಮುಖ್ಯಾಂಶಗಳ ತುಣುಕಿನಲ್ಲಿ ಈ ಓಟಗಳು ಕಾಣಿಸಿಕೊಳ್ಳುವುದು ಅಪರೂಪ. ಆದರೆ ಆರು ಟ್ಯಾಕಲ್‌ಗಳ ಲೆಕ್ಕದಲ್ಲಿ ಮೊದಲೆರಡನ್ನು ಫುಲ್‌ಬ್ಯಾಕ್ ಹಾಗೂ ವಿಂಗರ್‌ಗಳೇ ಹೊತ್ತರೆ ದಣಿದ ಫಾರ್ವರ್ಡ್‌ಗಳಿಗೆ ಉಸಿರು ದೊರೆಯುತ್ತದೆ. ನೇಥನ್ ಕ್ಲಿಯರಿಯಂಥ ಹಾಫ್‌ಬ್ಯಾಕ್‌ಗೆ ಅನುಕೂಲಕರ ಸ್ಥಾನದಿಂದ ಚೆಂಡು ಒದೆಯುವ ಅವಕಾಶ ಸಿಗುತ್ತದೆ. 2021ರಿಂದ 2024ರವರೆಗೆ ಪೆನ್ರಿತ್ ಸತತ ನಾಲ್ಕು ಪ್ರಶಸ್ತಿ ಗೆದ್ದಿತು. 2022ರ ಅಂತಿಮ ಪಂದ್ಯದ ಶ್ರೇಷ್ಠ ಆಟಗಾರನಿಗೆ ಸಲ್ಲುವ ಕ್ಲೈವ್ ಚರ್ಚಿಲ್ ಪದಕ ಎಡ್ವರ್ಡ್ಸ್ ಅವರಿಗೆ ದೊರೆಯಿತು. ಯೋಜನೆ ಹೂಡುವ ಆಟಗಾರ ಆಗಲೇ ಇರುವ ತಂಡಕ್ಕೆ ಇನ್ನೊಬ್ಬ ಯೋಜಕ ಬೇಕಿರಲಿಲ್ಲ. ಭಾರ ಹೊರುವವನು ಬೇಕಿತ್ತು.

ನ್ಯೂಕ್ಯಾಸಲ್ ನೈಟ್ಸ್‌ನ ಅಗತ್ಯ ಇದಕ್ಕೆ ವಿರುದ್ಧವಾಗಿತ್ತು. 2023ರ ಆರಂಭದಲ್ಲಿ ಕೇಲಿನ್ ಪೊಂಗಾ ಅವರನ್ನು ಫೈವ್-ಏಯ್ತ್ ಸ್ಥಾನಕ್ಕೆ ತಂದು, ಪ್ರತಿ ಹಂತದಲ್ಲೂ ಚೆಂಡು ಅವರ ಕೈಗೆ ಸಿಗುವಂತೆ ಮಾಡುವ ಪ್ರಯೋಗ ನಡೆಯಿತು. ಅದು ಫಲಿಸಲಿಲ್ಲ. ಋತುವಿನ ನಡುವೆ ಅವರು ಫುಲ್‌ಬ್ಯಾಕ್ ಸ್ಥಾನಕ್ಕೆ ಮರಳಿದರು. ದಿನನಿತ್ಯದ ನಿರ್ವಹಣೆಯನ್ನು ಇತರರಿಗೆ ಬಿಟ್ಟು, ಎದುರಾಳಿಯ ಸಾಲಿನಲ್ಲಿ ಬಿರುಕು ಕಂಡ ಕಡೆಗೆ ಮಾತ್ರ ನುಗ್ಗುವ ಸ್ವಾತಂತ್ರ್ಯ ಅವರಿಗೆ ಸಿಕ್ಕಿತು. ತಂಡ ಐದನೇ ಸ್ಥಾನಕ್ಕೇರಿತು. ಪೊಂಗಾಗೆ ಆ ವರ್ಷದ ಡ್ಯಾಲಿ ಎಂ ಪದಕ ದಕ್ಕಿತು. ಚೆಂಡು ಹೆಚ್ಚು ಬಾರಿ ಕೈಗೆ ಬಂದರೆ ಪ್ರಭಾವವೂ ಹೆಚ್ಚುತ್ತದೆ ಎಂಬ ನಂಬಿಕೆ ಇಲ್ಲಿ ಸುಳ್ಳಾಯಿತು.

ಇಡೀ ತಂಡವನ್ನೇ ಫುಲ್‌ಬ್ಯಾಕ್‌ನ ಸುತ್ತ ಕಟ್ಟುವುದು ಮತ್ತೊಂದು ದಾರಿ. 2021ರಲ್ಲಿ ಮ್ಯಾನ್ಲಿ ತಂಡ ಗಾಯಾಳು ಟಾಮ್ ಟ್ರಬೊಯೆವಿಚ್ ಇಲ್ಲದೆ ಮೊದಲ ನಾಲ್ಕೂ ಪಂದ್ಯಗಳನ್ನು ಸೋತಿತ್ತು. ಅವರು ಮರಳಿದ ಮೇಲೆ ತಂಡದ ಚಹರೆಯೇ ಬದಲಾಯಿತು. ಅವರು 28 ಟ್ರೈ ಗಳಿಸಿದರು. ಎದುರಾಳಿಗಳ ಗಮನವೆಲ್ಲ ಅವರತ್ತ ಹರಿದುದರಿಂದ ವಿಂಗರ್‌ಗಳಿಗೂ ದಾರಿ ತೆರೆಯಿತು. ಆದರೆ ಮರುವರ್ಷ ಭುಜದ ಗಾಯದಿಂದ ಅವರು ಹೊರಗುಳಿದಾಗ ಮ್ಯಾನ್ಲಿ 11ನೇ ಸ್ಥಾನಕ್ಕೆ ಕುಸಿಯಿತು. ಆ ಕುಸಿತಕ್ಕೆ ಬೇರೆ ಕಾರಣಗಳೂ ಇದ್ದವೆಂಬುದು ನಿಜ. ಒಂದೇ ಕಂಬದ ಮೇಲೆ ಚಪ್ಪರ ಹಾಕಿದರೆ ಆಗುವ ಅಪಾಯವೂ ಅಷ್ಟೇ ನಿಜ.

ಬ್ರಿಸ್ಬೇನ್ ಬ್ರಾಂಕೋಸ್‌ನ ರೀಸ್ ವಾಲ್ಷ್ ಆಡುವುದು ಸಾಹಸದ ಆಟ. ಉದ್ದನೆಯ ಪಾಸ್, ದಿಢೀರ್ ಓಟ, ಜೊತೆಗೆ ಆಗಾಗ ತಪ್ಪುಗಳು. ಇಂಥವರಿಗೆ ಬೇಕಾದದ್ದು ತಪ್ಪನ್ನು ಅರಗಿಸಿಕೊಂಡು ಹತ್ತು ನಿಮಿಷ ರಕ್ಷಣೆಗೆ ನಿಲ್ಲಬಲ್ಲ ಸಹ ಆಟಗಾರರು. 2025ರ ಅಂತಿಮ ಪಂದ್ಯದಲ್ಲಿ ಮೊದಲಾರ್ಧಕ್ಕೆ 12-22ರಿಂದ ಹಿಂದಿದ್ದ ಬ್ರಾಂಕೋಸ್, ಮೆಲ್ಬರ್ನ್‌ಗೆ ದ್ವಿತೀಯಾರ್ಧದಲ್ಲಿ ಒಂದು ಅಂಕವನ್ನೂ ಬಿಟ್ಟುಕೊಡದೆ 26-22ರಿಂದ ಗೆದ್ದಿತು. 2006ರ ನಂತರ ಅದು ತಂಡದ ಮೊದಲ ಪ್ರಶಸ್ತಿ. ಪದಕ ವಾಲ್ಷ್ ಅವರಿಗೆ ಸಂದಿತು. ಅವರ ಸಾಹಸಕ್ಕೆ ಆಸರೆಯಾದದ್ದು ಆ ನಲವತ್ತು ನಿಮಿಷಗಳ ರಕ್ಷಣೆ.

ಈ ಹಿನ್ನೆಲೆಯಲ್ಲಿ ಆರಿಜಿನ್ ಆಯ್ಕೆಯನ್ನು ಮತ್ತೆ ನೋಡಬೇಕು. 2024ರ ಮೊದಲ ಪಂದ್ಯಕ್ಕೆ ಎಡ್ವರ್ಡ್ಸ್ ಆಯ್ಕೆಯಾಗಿದ್ದರೂ ಗಾಯಗೊಂಡಿದ್ದರಿಂದ ಟೆಡೆಸ್ಕೊಗೆ ಕರೆ ಬಂತು. ನ್ಯೂ ಸೌತ್ ವೇಲ್ಸ್ 10-38ರಿಂದ ಸೋತಿತು. ಎಡ್ವರ್ಡ್ಸ್ ಮರಳಿದ ನಂತರ 38-18 ಹಾಗೂ 14-4ರ ಗೆಲುವುಗಳೊಂದಿಗೆ ಸರಣಿ ಕೈವಶವಾಯಿತು. ಹಾಗೆಂದು ಸೋಲನ್ನು ಟೆಡೆಸ್ಕೊ ತಲೆಗೆ ಕಟ್ಟಲಾಗದು. ಆ ಪಂದ್ಯದ ಎಂಟನೇ ನಿಮಿಷದಲ್ಲೇ ಸಹ ಆಟಗಾರನೊಬ್ಬ ಮೈದಾನದಿಂದ ಹೊರಹಾಕಲ್ಪಟ್ಟು ತಂಡ ಹನ್ನೆರಡು ಮಂದಿಗೆ ಇಳಿದಿತ್ತು. ಆದರೂ ಆಯ್ಕೆಗಾರರ ತರ್ಕ ಅರ್ಥವಾಗುವಂಥದ್ದೇ. ಬ್ರಯಾನ್ ಟೊಓ, ಜೆರೋಮ್ ಲುವಾಯ್, ಐಸಾ ಯೋ ಅವರಂಥ ಪೆನ್ರಿತ್ ಸಂಗಾತಿಗಳಿದ್ದ ತಂಡದಲ್ಲಿ ಎಡ್ವರ್ಡ್ಸ್‌ಗೆ ಪ್ರತ್ಯೇಕ ಪಾಠ ಬೇಕಿರಲಿಲ್ಲ. ಆರಿಜಿನ್ ತಂಡಕ್ಕೆ ಸಿಗುವುದು ಕೆಲವೇ ದಿನಗಳ ತಯಾರಿ.

ಇದೇ ತರ್ಕ 2025ರಲ್ಲಿ ಕೈಕೊಟ್ಟಿತೆಂಬುದನ್ನೂ ಒಪ್ಪಬೇಕು. ಹೊಂದಾಣಿಕೆ ಗೆಲುವಿನ ಖಾತರಿಯಲ್ಲ. ಜೊತೆಗಾರರ ಫಾರ್ಮ್, ಎದುರಾಳಿಯ ತಂತ್ರ ಬದಲಾದಂತೆ ಅದನ್ನು ಪ್ರತಿ ವರ್ಷವೂ ಹೊಸದಾಗಿ ಪರಿಶೀಲಿಸಬೇಕು. ಹೋದ ವರ್ಷದ ಉತ್ತರವನ್ನು ಈ ವರ್ಷದ ಪ್ರಶ್ನೆಗೆ ಬರೆದರೆ ಅಂಕ ಸಿಗದು.

ಸಂಬಳಕ್ಕೆ ಮಿತಿ ಇರುವ ಈ ಲೀಗ್‌ನಲ್ಲಿ ತಾರಾ ಫುಲ್‌ಬ್ಯಾಕ್‌ಗೆ ಕೊಟ್ಟ ಪ್ರತಿ ಡಾಲರ್ ಬೇರೊಂದು ಸ್ಥಾನದಿಂದ ಕಡಿತವಾದ ಡಾಲರ್. ಓಟಗಾರನನ್ನು ಕೊಂಡು ಅವನಿಗೆ ದಾರಿ ತೋರುವವನನ್ನು ಕಳೆದುಕೊಂಡರೆ ಕ್ಲಬ್‌ಗೂ ನಷ್ಟ, ಆಟಗಾರನಿಗೂ ನಷ್ಟ. ಪದಕಗಳು ಶ್ರೇಷ್ಠ ಆಟಗಾರನನ್ನು ಗುರುತಿಸಬಲ್ಲವು. ತಂಡಕ್ಕೆ ತಕ್ಕ ಆಟಗಾರನನ್ನು ಗುರುತಿಸಬೇಕಾದವರು ತಂಡ ಕಟ್ಟುವವರೇ. ಆ ಕೆಲಸ ಶುರುವಾಗಬೇಕಾದದ್ದು ಒಂದನೇ ಸಂಖ್ಯೆಯ ಅಂಗಿಯಿಂದಲ್ಲ, ಉಳಿದ ಹನ್ನೆರಡು ಅಂಗಿಗಳಿಂದ.